ಉಡುಗೊರೆ ಬಂದ ಜಪಾನಿ ನಕಿರಿ (ತರಕಾರಿ ಚಾಕು): ಎರಡೇ ವಾರಕ್ಕೆ ತುಕ್ಕು, ಬಾಯಲ್ಲಿ ಹಲ್ಲು

ಈಳಿಗೆಮಣೆ:
ಕೈಯಲ್ಲಿ ಬಡಿದು ಮಾಡಿದ ನಕಿರಿ, 165 ಮಿ.ಮೀ., ಅಓಗಾಮಿ 2 ಅನ್ನೋ ಉಕ್ಕಿನದು. ಅಲಗಿನ ತುಂಬ ನೀಲಿ-ಬೂದು ಮಚ್ಚೆ, ಹಿಡಿಯ ಹತ್ತಿರ ಕೆಂಪು ತುಕ್ಕು. ಹೆಚ್ಚಿದ ಈರುಳ್ಳಿ ಕಪ್ಪಾಗುತ್ತೆ. ಬಾಯಲ್ಲಿ ಅರ್ಧ ಮಿ.ಮೀ. ಆಳದ ಎರಡು ಹಲ್ಲು. ಸ್ಟೀಲ್ ನಕಲಿಯಾ? ಬೀದಿಗೆ ಬರುವ ಸಾಣೆಯವರಿಗೆ ಕೊಡಲಾ?

ಸಾಣೆಕಲ್ಲು:
ನಕಲಿ ಅಂತ ಅನುಮಾನ ಬೇಡ. ಅಓಗಾಮಿ 2ರಲ್ಲಿ ಕಾರ್ಬನ್ ಶೇ. 1ಕ್ಕಿಂತ ತುಸು ಹೆಚ್ಚು, ಕ್ರೋಮಿಯಂ ಅರ್ಧ ಶೇಕಡದೊಳಗೆ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳೋಕೆ ಕನಿಷ್ಠ ಶೇ. 10.5 ಬೇಕು. ತುಕ್ಕು ಹಿಡಿಯದೇ ಇದ್ದಿದ್ದರೆ ಅನುಮಾನ ಪಡಬೇಕಿತ್ತು. (ಹೆಸರಿನ ಅರ್ಥ 'ನೀಲಿ ಕಾಗದ', ಉಕ್ಕಿಗೆ ಸುತ್ತುತ್ತಿದ್ದ ಕಾಗದದ ಬಣ್ಣ, ಅಷ್ಟೇ.)

ನೀಲಿ-ಬೂದು ಪದರ ಇರಲಿ, ಅದು ತುಕ್ಕನ್ನು ತಡೆಯುತ್ತೆ. ಕೆಂಪು ಮಾತ್ರ ತೆಗೆಯಿರಿ: ಅಡುಗೆ ಸೋಡಾಕ್ಕೆ ನಾಲ್ಕು ಹನಿ ನೀರು ಹಾಕಿ ಕಲಸಿ, ಬಾಟಲಿಯ ಬೆಂಡಿನಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಉಜ್ಜಿ. ತೊಳೆದು ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಹಿಡಿಯ ಸಂದಿನಲ್ಲಿ ನೀರು ನಿಂತರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತೆ, ಮರ ಸೀಳುತ್ತೆ. ಸಿಂಕಿನಲ್ಲಿ ಬಿಡಲೇಬೇಡಿ.

ಈರುಳ್ಳಿ ಕಪ್ಪಾಗೋದು ಬಾಯಿಯ ಉಕ್ಕಿನ ಅಕ್ಕಪಕ್ಕ ಇರುವ ಮೆದು ಕಬ್ಬಿಣದ ಪದರದಿಂದ. ನಡುನಡುವೆ ಒರೆಸುತ್ತಾ ಹೆಚ್ಚಿ, ಬೂದು ಪದರ ಕೂತಮೇಲೆ ಕಮ್ಮಿಯಾಗುತ್ತೆ.

ಸಾಣೆ ಚಕ್ರಕ್ಕೆ ಕೊಡಬೇಡಿ. ಬಾಯಿ ಕಾದರೆ ಉಕ್ಕಿನ ಹದವೇ ಹೋಗುತ್ತೆ.

ಹದ:
ಹಲ್ಲು ಬಿದ್ದಿದ್ದು ಬಹುಶಃ ಗ್ರಾನೈಟ್ ಕಟ್ಟೆಯ ಮೇಲೆ ಹೆಚ್ಚಿದ್ದಕ್ಕೆ, ಇಲ್ಲವೇ ಕುಂಬಳಕಾಯಿಗೆ ಸಿಕ್ಕಿಸಿ ತಿರುವಿದ್ದಕ್ಕೆ. ಈ ಉಕ್ಕಿನ ಗಡಸುತನ 61–63 ಎಚ್‌ಆರ್‌ಸಿ (ರಾಕ್‌ವೆಲ್ ಅಳತೆ), ತುಂಬ ಗಡಸು; ಬಾಗೋದಿಲ್ಲ, ಚಕ್ಕೆ ಏಳುತ್ತೆ. ತೆಂಗಿನಕಾಯಿ, ಮೂಳೆ, ಫ್ರೀಜರಿನ ಮಾಂಸ ಇದರ ಕೆಲಸವಲ್ಲ.

400ರ ಒರಟು ಸಾಣೆಕಲ್ಲನ್ನು (ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು) ಗುಳ್ಳೆ ನಿಲ್ಲುವವರೆಗೆ ನೆನೆಸಿ. ಚಾಕುವನ್ನು ನೆಟ್ಟಗೆ ನಿಲ್ಲಿಸಿ, ಹಲ್ಲು ಮಾಯವಾಗುವವರೆಗೆ ಬಾಯನ್ನೇ ಹಗುರವಾಗಿ ಉಜ್ಜಿ. ಮೊಂಡಾಗುತ್ತೆ, ಗಾಬರಿ ಬೇಡ. ಆಮೇಲೆ 15 ಡಿಗ್ರಿ ಓರೆಯಲ್ಲಿ ಉಜ್ಜಿ: ಅಲಗಿನ ಅಗಲ 50 ಮಿ.ಮೀ. ಇದ್ದರೆ ಬೆನ್ನು ಕಲ್ಲಿನಿಂದ 13 ಮಿ.ಮೀ., ಅಂದಾಜು ಕಿರುಬೆರಳಿನ ದಪ್ಪದಷ್ಟು, ಮೇಲಿರಲಿ. ಆಚೆ ಬದಿಯಲ್ಲಿ ಉದ್ದಕ್ಕೂ ಸಣ್ಣ ಗರಿ (ಉಜ್ಜಿದಾಗ ಬಾಯಂಚಿನಲ್ಲಿ ಏಳುವ ಲೋಹದ ಎಳೆ) ಕೈಗೆ ತಾಕಿದ ಮೇಲಷ್ಟೇ ಮಗುಚಿ. ನಂತರ 1000, ಕೊನೆಗೆ 3000.

ಈಳಿಗೆಮಣೆ:
ಹಲ್ಲು ಹೋಯ್ತು, ಥ್ಯಾಂಕ್ಸ್ ಸರ್. ಪೇಪರ್ ಕತ್ತರಿಸುತ್ತೆ, ಟೊಮೆಟೊ ಸಿಪ್ಪೆ ಮೇಲೆ ಮಾತ್ರ ಜಾರುತ್ತೆ.

ಹದ:
ಗರಿ ಪೂರ್ತಿ ಬಿದ್ದಿಲ್ಲ, ಒಂದು ಬದಿಗೆ ಮಡಚಿಕೊಂಡಿದೆ. 3000ರ ಮೇಲೆ ಚಾಕುವಿನ ಭಾರ ಮಾತ್ರ ಬಿಟ್ಟು, ಬದಿ ಬದಲಿಸುತ್ತಾ ಐದಾರು ಸಲ ಎಳೆಯಿರಿ. ಆಮೇಲೆ ಹಲಗೆಯ ಮೇಲೆ ಹಾಸಿದ ದಿನಪತ್ರಿಕೆಯಲ್ಲಿ ಬೆನ್ನು ಮುಂದಾಗಿ ಹತ್ತು ಸಲ. ಆಗಲೂ ಜಾರಿದರೆ 1000ಕ್ಕೆ ವಾಪಸ್.