'ಪುಟ್ ಆಫ್' ಅಂದರೆ ಆರಿಸುವುದಾ, ಮುಂದೂಡುವುದಾ?

ಪ್ರಶ್ನೆ: ಆಫೀಸಿನ ಮೇಲ್‌ನಲ್ಲಿ 'ದ ರಿವ್ಯೂ ಹ್ಯಾಸ್ ಬೀನ್ ಪುಟ್ ಆಫ್ ಟಿಲ್ ಫ್ರೈಡೇ' ಎಂದಿದೆ. ಮನೆಯಲ್ಲಿ ನಾವು ಲೈಟನ್ನೂ 'ಪುಟ್ ಆಫ್' ಮಾಡ್ತೀವಿ. ಹಾಗಾದರೆ ರಿವ್ಯೂ ನಿಂತೇ ಹೋಯಿತಾ? ಇದನ್ನು ಬಳಸುವ ಕ್ರಮ ತಿಳಿದವರು ಹೇಳಿ.

ಉತ್ತರ: ನಿಂತಿಲ್ಲ, ಶುಕ್ರವಾರಕ್ಕೆ ಹೋಗಿದೆ. ರದ್ದಾಗಿದ್ದರೆ 'ಕಾಲ್ಡ್ ಆಫ್' ಅಂತಿರುತ್ತಿತ್ತು. 'ಆಫ್' ಅಂದಕೂಡಲೇ ನಮಗೆ ಸ್ವಿಚ್ಚೇ ನೆನಪಾಗುತ್ತೆ, ಗೊಂದಲ ಅಲ್ಲೇ. ಇಲ್ಲಿ ಅದಕ್ಕೆ 'ಆಚೆಗೆ' ಅನ್ನೋ ಅರ್ಥ. ಯಾವ ದಿನಕ್ಕೆ ಅನ್ನಲು 'ಟಿಲ್' ಅಥವಾ 'ಅಂಟಿಲ್', ಎಷ್ಟು ದಿನ ಅನ್ನಲು 'ಫಾರ್ ಎ ವೀಕ್'.

ಇನ್ನೊಬ್ಬರು: ವ್ಯಾಕರಣದಲ್ಲಿ ಎಡವುವುದು ಎರಡು ಕಡೆ. 'ಪುಟ್ ಆಫ್ ದ ಟ್ರಿಪ್', 'ಪುಟ್ ದ ಟ್ರಿಪ್ ಆಫ್' ಎರಡೂ ಸರಿ. ಆದರೆ 'ಇಟ್', 'ದೆಮ್' ಬಂದರೆ ನಡುವೆಯೇ ಕೂರಬೇಕು: 'ಪುಟ್ ಇಟ್ ಆಫ್'. 'ಪುಟ್ ಆಫ್ ಇಟ್' ತಪ್ಪು. ಇನ್ನು, ಮುಂದೆ ಕ್ರಿಯಾಪದ ಬಂದರೆ 'ಇಂಗ್' ರೂಪ: 'ಐ ಪುಟ್ ಆಫ್ ಗೋಯಿಂಗ್ ಟು ದ ಡೆಂಟಿಸ್ಟ್'. 'ಟು ಗೋ' ಅಲ್ಲ. ಕನ್ನಡದಲ್ಲೂ 'ಹೋಗುವುದನ್ನು ಮುಂದೂಡಿದೆ' ಅನ್ನುತ್ತೇವೆಯೇ ಹೊರತು 'ಹೋಗಲು ಮುಂದೂಡಿದೆ' ಅನ್ನುವುದಿಲ್ಲವಲ್ಲ, ಹಾಗೇ. ಭೂತಕಾಲದಲ್ಲೂ 'ಪುಟ್' ಪುಟ್ಟಾಗಿಯೇ ಇರುತ್ತದೆ.

ಮತ್ತೊಬ್ಬರು: ಸಾಮಾನ್ಯವಾಗಿ ಕೆಲಸವನ್ನೋ ಕಾರ್ಯಕ್ರಮವನ್ನೋ ಪುಟ್ ಆಫ್ ಮಾಡಿದರೆ ಮುಂದೂಡಿಕೆ. ಮನುಷ್ಯರನ್ನು ಮಾಡಿದರೆ ಅರ್ಥವೇ ಬೇರೆ. 'ದ ಸ್ಮೆಲ್ ಪುಟ್ ಮಿ ಆಫ್' ಅಂದರೆ ಆ ವಾಸನೆಗೆ ಬೇಡವೇ ಬೇಡ ಅನ್ನಿಸಿತು. 'ಹಿ ಪುಟ್ ಮಿ ಆಫ್ ವಿತ್ ಎಕ್ಸ್‌ಕ್ಯೂಸಸ್' ಅಂದರೆ ನೆಪ ಹೇಳಿ ಸಾಗಹಾಕಿದ. ಆಟವಾಡುವಾಗ 'ಡೋಂಟ್ ಪುಟ್ ಮಿ ಆಫ್' ಅಂದರೆ ಗಮನ ತಪ್ಪಿಸಬೇಡ. ಮೇಲ್ ಓದುವಾಗ ಪುಟ್ ಆಫ್ ಮಾಡಿದ್ದು ಯಾರನ್ನು, ಏನನ್ನು ಅಂತ ಮೊದಲು ನೋಡಿ.

ಮೊದಲು ಉತ್ತರಿಸಿದವರು: ಲೈಟಿನ ವಿಷಯ ಬಿಟ್ಟುಹೋಯಿತು. ಮನೆಯಲ್ಲಿ ಹೇಗೆ ಅಂದರೂ ನಡೆಯುತ್ತೆ. ಹೊರದೇಶದವರಿಗೆ ಬರೆಯುವಾಗ 'ಟರ್ನ್ ಆಫ್' ಅಥವಾ 'ಸ್ವಿಚ್ ಆಫ್' ಬರೆಯಿರಿ. ಮೇಣದ ಬತ್ತಿ, ಬೆಂಕಿ ಆರಿಸಲು 'ಪುಟ್ ಔಟ್'. ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. 'ಮುಂದಕ್ಕೆ ಹಾಕು' ಅನ್ನೋದನ್ನ ಪದಕ್ಕೆ ಪದ ಇಟ್ಟು 'ಪುಟ್ ಫಾರ್ವರ್ಡ್ ದ ಮೀಟಿಂಗ್' ಅಂತ ಬರೆದರೆ ಓದಿದವರು ಮೀಟಿಂಗ್ ಮೊದಲೇ ನಡೆಯುತ್ತೆ ಅಂದುಕೊಂಡಾರು! ಮೊದಲೇ ನಡೆಸು ಅನ್ನೋ ಅರ್ಥದ ನಮ್ಮ 'ಪ್ರಿಪೋನ್'ಗೆ ಹೊರದೇಶದವರು ಹೇಳೋದು 'ಬ್ರಿಂಗ್ ಫಾರ್ವರ್ಡ್'. 'ಪುಟ್ ಫಾರ್ವರ್ಡ್' ಕೂಡ ಅದೇ ದಿಕ್ಕಿನದು.