ಪದ ಬೇಕು: ಬೇಸ್‌ಬಾಲ್ ‘ಡೈಮಂಡ್’ (ಬೋರ್ಡಿಗೆ, ನಾಳೆ ಬೆಳಿಗ್ಗೆಯೊಳಗೆ)

ಗೋಣಿಕೊಪ್ಪದಿಂದ:
ನಮಸ್ಕಾರ. ನಮ್ಮ ಶಾಲೆಯ ಹಾಕಿ ಮೈದಾನದಲ್ಲಿ ಬೇಸ್‌ಬಾಲ್ ಅಂಕಣ ಹಾಕುತ್ತಿದ್ದೇವೆ. ಗೇಟಿನ ಹತ್ತಿರ ನಕ್ಷೆಯ ಬೋರ್ಡು ನಿಲ್ಲಿಸಬೇಕು. ಪೇಂಟರ್ ನಾಳೆ ಒಂಬತ್ತಕ್ಕೆ ಬರುತ್ತಾರೆ. ಅಳತೆ ಗೊತ್ತು, ಪದ ಗೊತ್ತಿಲ್ಲ. ಡೈಮಂಡ್ ಅಂದರೆ ಓಟಗಾರ ಸುತ್ತುವ ನಾಲ್ಕು ಬೇಸುಗಳ ಜಾಗ: ಬೇಸಿನಿಂದ ಬೇಸಿಗೆ 90 ಅಡಿ, ನಾಲ್ಕೂ ಬದಿ ಅಷ್ಟೇ. ಚೆಂಡು ಎಸೆಯುವ ಪಿಚರ್ ನಿಲ್ಲುವ ಮೌಂಡ್ 10 ಇಂಚು ಎತ್ತರ. ಅದರ ಮೇಲಿನ ರಬ್ಬರ್ ಪಟ್ಟಿಯಿಂದ ಹೋಮ್ ಪ್ಲೇಟಿಗೆ (ಬ್ಯಾಟು ಬೀಸುವವ ನಿಲ್ಲುವ ಮೂಲೆ) 60 ಅಡಿ 6 ಇಂಚು. ನಿನ್ನೆ ಟೇಪ್ ಹಿಡಿದು ಹೋಮಿನಿಂದ ಸೆಕೆಂಡ್ ಬೇಸಿಗೆ ಓರೆಯಾಗಿ ಅಳೆದೆವು. 127 ಅಡಿ 3 ಇಂಚು ಚಿಲ್ಲರೆ ಬರಬೇಕು, ನಮಗೆ 125 ಬಂತು. ಗೂಟ ಕಿತ್ತು ಮತ್ತೆ ನೆಟ್ಟೆವು, ಕತ್ತಲಾಯಿತು.
ಡೈಮಂಡ್, ಬೇಸ್, ಹೋಮ್, ಮೌಂಡ್, ಫೌಲ್ ಲೈನ್ (ಹೋಮಿನಿಂದ ಎರಡೂ ಬದಿಗೆ ಹೋಗುವ ಗಡಿ ಗೆರೆ, ಆಚೆ ಬಿದ್ದ ಚೆಂಡು ಫೌಲ್): ಇವಕ್ಕೆ ಕನ್ನಡ ಬೇಕು. ಪೇಂಟರ್ ಫೋನಿನಲ್ಲಿ ‘ವಜ್ರ ಅಂತ ಬರೀಲಾ ಸಾರ್?’ ಅಂದರು. ಒಡವೆ ಅಂಗಡಿ ಅಲ್ವಲ್ಲ.

ಮೈಸೂರಿನಿಂದ:
ವಜ್ರ ಸಂಸ್ಕೃತ. ಬೇಡ. ಹರಳು ಇದೆ. ಹರಳಂಗಳ.

ಮಡಿಕೇರಿಯಿಂದ:
ಹರಳಂಗಳ ಅಂದರೆ ಹರಳೆಣ್ಣೆ ಗಾಣ ಅಂದುಕೊಳ್ಳುತ್ತಾರೆ. ನಮ್ಮಜ್ಜ ಇಸ್ಪೀಟಿನಲ್ಲಿ ಸಾಯುವ ತನಕ ‘ಡೈಮನ್’ ಅಂದರು, ಯಾರೂ ತಿದ್ದಲಿಲ್ಲ. ಡೈಮಂಡ್ ಅಂತಲೇ ಬರೆಯಿರಿ.

ಸೋಮವಾರಪೇಟೆಯಿಂದ:
ಗಣಿತದ ಮೇಷ್ಟ್ರಾಗಿ ಹೇಳುತ್ತೇನೆ. ನಾಲ್ಕು ಬದಿ ಸಮ, ನಾಲ್ಕು ಮೂಲೆ 90 ಡಿಗ್ರಿ. ಅದು ಚೌಕ. ಚೌಕವೂ ಒಂದು ವಜ್ರಾಕೃತಿ ಅಂತ ಈಗ ಯಾರಾದರೂ ಬರೆಯಲು ಹೊರಟಿದ್ದೀರಿ, ಸುಮ್ನೆ ಇರಿ. ಹೋಮಿನ ಹಿಂದೆ ನಿಂತವನ ಕಣ್ಣಿಗೆ ಮಾತ್ರ ಅದು ಡೈಮಂಡ್.

ಗೋಣಿಕೊಪ್ಪದಿಂದ:
ಮೇಷ್ಟ್ರು ಹೇಳಿದ್ದು ನಮ್ಮಲ್ಲಿ ಇನ್ನೂ ನಿಜ. ಹಾಕಿ ಮೈದಾನ 300 ಅಡಿ ಉದ್ದ, 180 ಅಡಿ ಅಗಲ. ಜಾಗ ಸಾಲದೆ ಹೋಮನ್ನು ಮೂಲೆಯಲ್ಲೇ ಇಟ್ಟಿದ್ದೇವೆ. ಒಂದು ಗೆರೆ ಉದ್ದಕ್ಕೆ ಓಡುತ್ತದೆ, ಇನ್ನೊಂದು 180ಕ್ಕೇ ಮುಗಿದು ಕಾಫಿ ಗಿಡದೊಳಗೆ ಹೋಗುತ್ತದೆ. ಗೇಟಿನಿಂದ ನೋಡಿದರೆ ಶುದ್ಧ ಚೌಕ. ಆದರೆ ಬೇಸ್?

ಹಾಸನದಿಂದ:
ಚೌಕ ಅಂದಮೇಲೆ ಚೌಕಾಬಾರಕ್ಕೆ ಬನ್ನಿ. ಗುಣಾಕಾರದ ಗುರುತು ಹಾಕಿದ ಮನೆಗೆ ಕಟ್ಟೆ ಅಂತೀವಿ ಅಲ್ವಾ? ಕಾಯಿ ಕಟ್ಟೆಯಲ್ಲಿದ್ದರೆ ಯಾರೂ ಹೊಡೆಯುವ ಹಾಗಿಲ್ಲ. ಬೇಸ್ ಮುಟ್ಟಿ ನಿಂತವನೂ ಸಾಮಾನ್ಯವಾಗಿ ಬಚಾವು, ನಡುವೆ ಚೆಂಡು ತಾಗಿಸಿದರೆ ಹೋದ. ಎರಡು ಬೇಸಿನ ನಡುವೆ ಸಿಕ್ಕಿಬಿದ್ದು ಅತ್ತ ಇತ್ತ ಓಡುವವನನ್ನು ನೋಡಿ, ಥೇಟ್ ಕಟ್ಟೆಗೆ ಒಂದು ಹೆಜ್ಜೆ ಕಡಿಮೆ ಬಿದ್ದ ಕಾಯಿ. ಸುತ್ತುವುದೂ ಗಡಿಯಾರದ ಉಲ್ಟಾ, ನಮ್ಮ ಹೊರಸುತ್ತಿನ ಹಾಗೆ. ಸುತ್ತು ಮುಗಿಸಿ ಹೋಮ್ ಮುಟ್ಟಿದರೆ ಅವರಿಗೆ ರನ್. ನಮ್ಮಲ್ಲಿ ಕಾಯಿ ಹಣ್ಣಾಯಿತು. ಬೇಸಿಗೆ ಕಟ್ಟೆ, ಹೋಮಿಗೆ ಮನೆ. ಮೌಂಡಿಗೆ ದಿಣ್ಣೆ ಸಾಕು.

ಮೈಸೂರಿನಿಂದ:
ಕಟ್ಟೆ ಎತ್ತರ ಇರುತ್ತದೆ. ಬೇಸ್ 15 ಇಂಚಿನ ಚಪ್ಪಟೆ ಚೀಲ. ಅಮೆರಿಕದ ದೊಡ್ಡ ಲೀಗಿನಲ್ಲಿ 2023ರಿಂದ 18 ಇಂಚು, ಆದರೂ ಚಪ್ಪಟೆಯೇ. ನೆಲೆ ಅನ್ನಿ. ಇನ್ನು ‘ಮೈದಾನ’ ಪಾರಸಿ. ಕೊಡಗಿನಲ್ಲಿ ಕೂತು ಮಂದ್ ಬಿಟ್ಟು ಮೈದಾನ ಅನ್ನುತ್ತೀರಲ್ಲ! ಮಂದ್, ತಮಿಳಿನ ಮನ್ರಂ, ನೀಲಗಿರಿಯ ತೊದವರ ಮುಂದ್, ಎಲ್ಲ ಒಂದೇ ಬೇರು. ಆಟಗಾರರು ಕೂರುವ ತಗ್ಗು ಜಾಗ, ಡಗೌಟಿಗೂ ನಿಮ್ಮಲ್ಲೇ ಪದ ಇದೆ: ಕಡಂಗ.

ಹಾಸನದಿಂದ:
ಚೌಕಾಬಾರದ ಕಟ್ಟೆ ಸೀಮೆಸುಣ್ಣದ ಗೆರೆ. ಎತ್ತರ ಎಲ್ಲಿ ಕಂಡಿರಿ?

ವಿರಾಜಪೇಟೆಯಿಂದ:
ಮಂದ್ ಅಂದರೆ ಪುತ್ತರಿ ಕೋಲಾಟ್ ಆಡುವ ಜಾಗ. ಪೌಡರ್ ಗೆರೆ ಎಳೆಯುವ ಜಾಗಕ್ಕೆಲ್ಲ ಆ ಹೆಸರು ಇಡಬೇಡಿ. ಕಡಂಗ ನಮ್ಮ ಹಿರಿಯರು ಯುದ್ಧಕ್ಕೆ ತೋಡಿದ ಕಂದಕ. ಅದರಲ್ಲಿ ಎಕ್ಸ್‌ಟ್ರಾ ಆಟಗಾರರನ್ನು ಕೂರಿಸಿ ನೀರಿನ ಬಾಟ್ಲಿ ಕೊಡುತ್ತೀರಾ? ಎರವಲು ಬೇಡ ಅನ್ನುವವರು ನಮ್ಮಿಂದ ಎರವಲು ತರುವಾಗ ಕೇಳುವುದೂ ಇಲ್ಲ.

ಮೈಸೂರಿನಿಂದ:
ಕೊಡವ ತಕ್ಕ್‌ನಿಂದ, ಅಂದರೆ ಕೊಡವ ಭಾಷೆಯಿಂದ, ತಂದರೆ ಎರವಲಲ್ಲ, ದಾಯಾದಿ ಮನೆಯಿಂದ ತಂದ ಹಾಗೆ.

ವಿರಾಜಪೇಟೆಯಿಂದ:
ದಾಯಾದಿಗಳು ಜಗಳ ಆಡುವುದೇ ಅದಕ್ಕೆ.

ಮಡಿಕೇರಿಯಿಂದ:
ಪೇಂಟರ್ ಒಂಬತ್ತಕ್ಕೆ ಬರ್ತಾರೆ ಅಂದಿದ್ದರು. ಫೌಲ್ ಲೈನ್ ಯಾರಾದರೂ ನೋಡಿದಿರಾ?

ಮೈಸೂರಿನಿಂದ:
ಆ ಗೆರೆಯ ಮೇಲೆ ಬಿದ್ದ ಚೆಂಡು ಫೌಲ್ ಅಲ್ಲ. ಇಂಗ್ಲಿಷಿನಲ್ಲೇ ತಪ್ಪು ಹೆಸರು. ಮೇರೆ.

ಗೋಣಿಕೊಪ್ಪದಿಂದ:
ಎಲ್ಲರಿಗೂ ಥ್ಯಾಂಕ್ಸ್. ಬೋರ್ಡು ಮುಗಿಯಿತು. ಮೇಲೆ ‘ಬೇಸ್‌ಬಾಲ್ ಚೌಕ’, ಒಳಗೆ 1ನೇ ಕಟ್ಟೆ, 2ನೇ ಕಟ್ಟೆ, 3ನೇ ಕಟ್ಟೆ, ಮನೆ, ದಿಣ್ಣೆ. ಡಗೌಟ್ ಬರೆಯಲಿಲ್ಲ, ನಮ್ಮಲ್ಲಿರುವುದು ಒಂದು ಬೆಂಚು. ‘ಫೌಲ್ ಗೆರೆ’ ಹಾಗೇ ಬಿಟ್ಟೆ. ಹಾಕಿ ಆಡುವ ಹುಡುಗರು ಫೌಲ್ ಅಂತ ದಿನಾ ಕಿರುಚುತ್ತಾರೆ.

ಮೈಸೂರಿನಿಂದ:
ಬಣ್ಣ ಒಣಗುವ ಮುಂಚೆ ಅಳಿಸಿ. ಮೇರೆ.