ಅಳತೆ ವಿಜ್ಞಾನಕ್ಕೆ ಸರ್ಕಾರ ಯಾಕೆ ದುಡ್ಡು ಹಾಕ್ಬೇಕು?

ಪ್ರಶ್ನೆ: ಕೆಜಿ, ಮೀಟರ್, ಸೆಕೆಂಡ್ ಎಲ್ಲಾ ಯಾವತ್ತೋ ಫಿಕ್ಸ್ ಆಗಿದೆ ಅಲ್ವಾ, ಆದ್ರೂ ದೊಡ್ಡ ದೇಶಗಳೆಲ್ಲಾ ನ್ಯಾಷನಲ್ ಲ್ಯಾಬ್ ಇಟ್ಕೊಂಡು ವರ್ಷವರ್ಷ ಬಜೆಟ್ ಕೊಡ್ತಾನೇ ಇರ್ತವೆ. ಕ್ಯಾಲಿಬ್ರೇಷನ್ (ಅಳತೆ ಸಾಧನ ಸರಿಯಾಗಿದ್ಯಾ ಅಂತ ಚೆಕ್ ಮಾಡಿಕೊಡೋದು) ಫೀಸಲ್ಲೇ ನಡೆಸ್ಕೋಬಹುದಲ್ವಾ? ಗೊತ್ತಿರೋರು ಹೇಳಿ.

ಉತ್ತರ 1: ಫೀಸ್ ಬರುತ್ತೆ ಸರ್, ಆದ್ರೆ ಸಾಲಲ್ಲ. ಅಲ್ಲಿ ಚೆಕ್ ಆದ ತೂಕದ ಕಲ್ಲು ಇನ್ನೊಂದು ಲ್ಯಾಬಿಗೆ ಹೋಗುತ್ತೆ, ಅಲ್ಲಿಂದ ಫ್ಯಾಕ್ಟರಿ ತಕ್ಕಡಿಗೆ, ಔಷಧಿ ಕಂಪನಿಗೆ, ಹೀಗೆ ಲಾಭ ಇಡೀ ದೇಶಕ್ಕೆ ಹಂಚಿಹೋಗುತ್ತೆ, ಬಿಲ್ ಮಾತ್ರ ಅಷ್ಟೂ ಜನಕ್ಕೆ ಹಾಕಕ್ಕಾಗಲ್ಲ. ಮತ್ತೆ ಫಿಕ್ಸ್ ಆಗಿದೆ ಅನ್ನೋದೂ ಸರಿಯಲ್ಲ. 2019ರ ಮೇ 20ರವರೆಗೂ ಕೆಜಿ ಅಂದ್ರೆ ಪ್ಯಾರಿಸ್ ಹತ್ರ ಗಂಟೆ ಆಕಾರದ ಗಾಜಿನ ಮುಚ್ಚಳಗಳ ಕೆಳಗೆ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ತುಂಡು, ಈಗ ಪ್ಲಾಂಕ್ ಸ್ಥಿರಾಂಕ ಅನ್ನೋ ಪ್ರಕೃತಿಯ ಬದಲಾಗದ ಸಂಖ್ಯೆಯಿಂದ ಕೆಜಿ ನಿರ್ಧಾರ ಆಗುತ್ತೆ. ಅದಕ್ಕೋಸ್ಕರ ಕಿಬಲ್ ಬ್ಯಾಲೆನ್ಸ್ (ತೂಕವನ್ನ ವಿದ್ಯುತ್ಕಾಂತೀಯ ಬಲದ ಜೊತೆ ತೂಗಿ ನೋಡೋ ಯಂತ್ರ) ಮೇಲೆ ದಶಕಗಟ್ಲೆ ಕೆಲಸ ಆಗಿದೆ, ಯಾವ ಕಂಪನಿ ಅಷ್ಟು ವರ್ಷ ಕಾಯುತ್ತೆ?

ಉತ್ತರ 2: ಮೇಲಿನವರು ಹೇಳಿದ್ದು ಕರೆಕ್ಟ್. ವ್ಯವಸ್ಥೆ ಮಾತ್ರ ದೇಶಕ್ಕೊಂದು ಥರ: ನ್ಯಾಷನಲ್ ಲ್ಯಾಬುಗಳಲ್ಲಿ ಅಮೆರಿಕದ ನಿಸ್ಟ್ ವಾಣಿಜ್ಯ ಇಲಾಖೆ ಕೆಳಗಿದೆ, ಜರ್ಮನಿಯ ಪಿಟಿಬಿ ಆರ್ಥಿಕ ಸಚಿವಾಲಯದ ಕೆಳಗೆ, ಭಾರತದ ಎನ್‌ಪಿಎಲ್ ಸಿಎಸ್‌ಐಆರ್ ಅನ್ನೋ ಸರ್ಕಾರಿ ಸಂಶೋಧನಾ ಮಂಡಳಿ ಕೆಳಗೆ. ಬ್ರಿಟನ್ ತನ್ನ ಎನ್‌ಪಿಎಲ್ ನಡೆಸೋದನ್ನ 1995ರಲ್ಲಿ ಖಾಸಗಿ ಕಂಪನಿಗೆ ವಹಿಸಿತ್ತು, 2015ರಲ್ಲಿ ವಾಪಸ್ ತಗೊಳ್ತು, ನನಗಂತೂ ಅದೇ ಸರಿ ಅನ್ಸುತ್ತೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಒಂದು ದೇಶದ ಸರ್ಟಿಫಿಕೇಟನ್ನ ಇನ್ನೊಂದು ದೇಶ ಯಾಕೆ ನಂಬುತ್ತೆ?

ಉತ್ತರ 2: ಒಬ್ಬರ ಅಳತೆ ಸರ್ಟಿಫಿಕೇಟನ್ನ ಇನ್ನೊಬ್ಬರು ಒಪ್ಕೊಳ್ಳೋಕೆ ದೇಶಗಳ ಲ್ಯಾಬುಗಳ ನಡುವೆ 1999ರ ಒಪ್ಪಂದ ಇದೆ. ಲ್ಯಾಬುಗಳು ಒಂದೇ ವಸ್ತುವನ್ನ ಸರದಿ ಪ್ರಕಾರ ಅಳೆದು ಫಲಿತಾಂಶ ಹೋಲಿಸ್ತಾರೆ, ವ್ಯತ್ಯಾಸ ಎಲ್ಲರಿಗೂ ಕಾಣೋ ಹಾಗೆ ಪ್ರಕಟ ಆಗುತ್ತೆ. ಅದ್ರಲ್ಲಿ ಭಾಗವಹಿಸೋದಕ್ಕೂ ಖರ್ಚಿದೆ, ಬಜೆಟ್ ಕಟ್ ಮಾಡೋರು ಮೊದ್ಲು ಅದನ್ನ ನೋಡ್ಬೇಕು.